ಭಾಗಕ್ಕನ ಜರ್ನಲ್

“ಚಪ್ಪಲಿ ಹೊರಗ ಬಿಡ್ರಿ. ಜೋಡಿ ಜೋಡಿ ಇಡ್ರಿ, ಆಮ್ಯಾಲ ಒಂದ ಕಾಲಿಂದು ಸಿಗವಲ್ದು ಅಂತ ನನ್ನ ಮುಂದ ಅಳಬ್ಯಾಡ್ರಿ. ಹನ್ನೊಂದನೇ ಮಶೀನಿಗೆ ಯಾರೂ ಕುಂಡ್ರಬ್ಯಾಡ್ರಿ, ಅದು ತನ್ನ ಮನಸಿಗೆ ಬಂದಾಗ ಚಾಲೂ ಆಗತೈತಿ. ನೀವು ಹೊಸಬರು, ಹೆದರೀರಿ. ಹೆದರೂವಂಥಾದ್ದು ಏನೂ ಇಲ್ಲ. ಮೊದಲನೇ ಸೆಮ್ಮಿನಾಗ ಸಿ ಬರತೈತಿ. ಸಿ ಅಂದ್ರ ಮಶೀನಿಗೆ ಹುಕುಂ ಕೊಡೂ ಭಾಷಾ. ಸಾಲಿನ ಕೊನಿಗೆ ಹಾಕೂ ಚುಕ್ಕಿ ಮರತಿರಿ ಅಂದ್ರ ಇಡೀ ಪರದೆ ತುಂಬ ಬೈತೈತಿ. ಎರಡನೇ ಸೆಮ್ಮಿಗೆ ಡಾಟಾ ಸ್ಟ್ರಕ್ಚರ್. ಅದರಾಗ ಸ್ಟ್ಯಾಕ್ ಅಂದ್ರ ಬುಟ್ಟ್ಯಾಗ ರೊಟ್ಟಿ ಇಟ್ಟಂಗ, ಕಡೀಕ ಇಟ್ಟದ್ದ ಮೊದಲ ಕೈಗೆ ಬರತೈತಿ. ಕ್ಯೂ ಅಂದ್ರ ಬಸ್ಸಿಗೆ ನಿಂತ ಸಾಲು, ಯರಗಟ್ಟಿ ಬಸ್ಸಿಂದಲ್ಲ ಮತ್ತ, ಖರೇ ಸಾಲು. ಲಿಂಕ್ಡ್ ಲಿಸ್ಟ್ ಅಂದ್ರ ಒಬ್ಬರ ಸೆರಗು ಒಬ್ಬರು ಹಿಡಕೊಂಡು ಗುಡ್ಡಾ ಹತ್ತೂದು, ನಡುವ ಒಬ್ಬಾಕಿ ಕೈ ಬಿಟ್ಟಳು ಅಂದ್ರ ಹಿಂದಿನವರೆಲ್ಲಾ ಕಳಕೊಂಡ್ರು. ಮುಂದ ಡಿಬಿಎಂಎಸ್ಸು, ಜಾವಾ, ಪೈಥಾನು, ನೆಟ್‌ವರ್ಕು. ಎಲ್ಲಾ ಕೇಳೇನಿ. ಹನ್ನೆರಡು ವರ್ಷ ಈ ಸ್ಟೂಲಿನ ಮ್ಯಾಲ ಕುಂತು ಕೇಳೇನಿ. ಎಷ್ಟೋ ಮಂದಿ ಸರ್‌ಗೋಳು ಬಂದು ಹೋದ್ರು, ಸ್ಟೂಲು ಇಲ್ಲೇ ಐತಿ. ಜರ್ನಲ್ ಬೇಕಾದವರು ಹೊಳ್ಳಿ ಹೋಗೂಮುಂದ ನನ್ನ ಕಡೆ ಹೆಸರು ಹೇಳಿ ಹೋಗ್ರಿ.”

ವರ್ಷಕ್ಕೊಂದು ಸಲ, ಹೊಸ ಬಿಸಿಎ ಹುಡುಗರು ಲ್ಯಾಬಿನ ಬಾಗಿಲಿಗೆ ಬಂದು ನಿಂತ ಮೊದಲ ದಿನ, ಭಾಗೀರಥಿ ಈ ಮಾತು ಹೇಳುವಳು. ಹೇಳುವಾಗ ಆಕೆಯ ಬೆನ್ನು ನೆಟ್ಟಗಾಗುತ್ತಿತ್ತು. ಯರಗಟ್ಟಿಯ ಬಸ್ ಸ್ಟ್ಯಾಂಡಿನ ಹಿಂದೆ ಆ ಕಾಲೇಜು, ಮೇಲಿನ ಅಂತಸ್ತಿನಲ್ಲಿ ಮೂವತ್ತೈದು ಮಶೀನಿನ ಲ್ಯಾಬು. ಆಕೆ ಅಲ್ಲಿಯ ಅಟೆಂಡರ್. ಮುಂಜಾನೆ ಬೀಗ ತೆಗೆದು, ಕಸ ಹೊಡೆದು, ಗುಂಡಿ ಒತ್ತಿ ಮಶೀನು ಎಬ್ಬಿಸುವುದು, ಸಂಜೆಗೆ ಮಲಗಿಸುವುದು, ನಡುವೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಕಾಯುವುದು. ಇಷ್ಟೇ ಕೆಲಸ. ಹುಡುಗರು ಆಕೆಗೆ ಭಾಗಕ್ಕ ಅನ್ನುತ್ತಿದ್ದರು.

ಆಕೆಯ ತವರು ರಾಮದುರ್ಗದ ಕಡೆ ತೊರಗಲ್ಲು. ಪಿಯುಸಿ ಎರಡನೇ ವರ್ಷ ಅರ್ಧಕ್ಕೆ ಬಂದಾಗ ಮದುವೆಯಾಯಿತು. ಗಂಡ ಬಸವಣ್ಣೆಪ್ಪ ಯರಗಟ್ಟಿಯ ಪೇಟೆಯಲ್ಲಿ ಕಾಳಿನ ಚೀಲ ತೂಗುವವನು, ಮಾತು ಕಡಿಮೆ. ಅತ್ತೆ ಮುದಕವ್ವನಿಗೆ ಅವನ ಪಾಲಿನ ಮಾತೂ ಬಂದಿತ್ತು. ಆ ಪಿಯುಸಿ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಭಾಗೀರಥಿಯ ನಂಬರು ಒಂಬತ್ತಿತ್ತು. ಸರ್ “ನಂಬರ್ ನೈನ್” ಅಂದಾಗ “ಎಸ್ ಸರ್” ಅಂದ ಆ ದನಿ ತನ್ನದೇ ಆಗಿತ್ತೆಂಬುದು ಆಕೆಗೆ ಆಮೇಲೆ ನಂಬುವುದಕ್ಕೆ ಕಷ್ಟವಾಗುತ್ತಿತ್ತು.

ಜರ್ನಲ್ ಅಂದರೆ ಪ್ರಾಕ್ಟಿಕಲ್ಲಿನ ದಪ್ಪ ರಟ್ಟಿನ ವಹಿ. ಗೆರೆ ಇದ್ದ ಪುಟದಲ್ಲಿ ಪ್ರೋಗ್ರಾಮು ಬರೆಯುವುದು, ಎದುರಿನ ಬಿಳಿ ಪುಟದಲ್ಲಿ ಮಶೀನು ಕೊಟ್ಟ ಉತ್ತರ ಬರೆಯುವುದು. ಮಶೀನಿಗೆ ಹಾಕಿ ನೋಡಿ ಬರೆಯಬೇಕು ಅನ್ನುವುದು ಕಾಯಿದೆ. ಆದರೆ ಹಿಂದಿನವರ ಜರ್ನಲ್ ಇಸಿದುಕೊಂಡು ಉತ್ತರವನ್ನೂ ಕೂಡಿಸಿ ನಕಲು ಹೊಡೆಯುವುದು ಅಲ್ಲಿಯ ರೂಢಿ. ಸರ್ ಕೆಂಪು ಪೆನ್ನಿನಿಂದ ಪುಟಕ್ಕೊಂದು ಸಹಿ ಎಳೆದರೆ ಮುಗಿಯಿತು.

ಕೆಲಸಕ್ಕೆ ಸೇರಿದ ವರ್ಷವೇ ಭಾಗೀರಥಿ, ಪಾಸಾಗಿ ಹೋದ ಒಬ್ಬ ಶಾಣ್ಯಾ ಹುಡುಗಿಯ ಜರ್ನಲ್ ತೆಗೆದುಕೊಂಡು ಸೂಟಿ ಮುಗಿಯುವುದರೊಳಗೆ ಮನೆಯಲ್ಲಿ ಕೂತು ತನಗೊಂದು ಬರೆದುಕೊಂಡಳು. ಇಂಗ್ಲಿಷ್ ಅಕ್ಷರವನ್ನು ರಂಗೋಲಿ ಬಿಡಿಸಿದ ಹಾಗೆ ಬರೆದಿದ್ದಳು. ಅಷ್ಟು ಚಂದದ ಜರ್ನಲ್ ಇಡೀ ಕಾಲೇಜಿನಲ್ಲಿ ಇರಲಿಲ್ಲ. ಕೇಳಿದ ಮೊದಲ ಹುಡುಗನಿಗೆ ಕೊಟ್ಟಳು, ಅವನಿಂದ ಇನ್ನೊಬ್ಬ, ಹೀಗೆ ಹನ್ನೆರಡು ವರ್ಷ ಎಲ್ಲರ ಜರ್ನಲ್ಲಿಗೂ ತಾಯಿ ಅದೇ. ಮನೋಳಿಯ ಹುಡುಗರು ಹೊಲದ ಬದನೆಕಾಯಿ ತಂದು ಸ್ಟೂಲಿನ ಕೆಳಗೆ ಇಡುತ್ತಿದ್ದರು. ಸಂಕ್ರಾಂತಿಗೆ ಹುಡುಗಿಯರು ಎಳ್ಳು ಬೆಲ್ಲವನ್ನು ಸರ್‌ಗಳಿಗಿಂತ ಮೊದಲು ಆಕೆಯ ಕೈಗೆ ಹಾಕುತ್ತಿದ್ದರು. “ಭಾಗಕ್ಕಾರ, ನಿಮ್ಮಿಂದ ಪಾಸಾದ್ವಿ ನೋಡ್ರಿ” ಅಂದು ಹೋದವರು ಎಷ್ಟು ಮಂದಿ! ಆ ಮಾತಿನ ಮೇಲೆ ಆಕೆ ಅತ್ತೆಯ ಕೊಂಕನ್ನೆಲ್ಲ ತಿಂಗಳುಗಟ್ಟಲೆ ನುಂಗುತ್ತಿದ್ದಳು.

ಬರೆಯುವಾಗ ಒಂದು ಕಡೆ ಮಾತ್ರ ಆಕೆ ತನ್ನದೊಂದು ಗುರುತು ಇಟ್ಟಿದ್ದಳು. ಏಳನೇ ಪ್ರೋಗ್ರಾಮು ಬೈನರಿ ಸರ್ಚ್, ಅಂದರೆ ಅಂಕಿಗಳ ಸಾಲಿನಲ್ಲಿ ಬೇಕಾದ ಅಂಕಿ ಹುಡುಕುವುದು. ಮೂಲದಲ್ಲಿ ಹದಿನಾಲ್ಕು, ಇಪ್ಪತ್ಮೂರು, ಮೂವತ್ತು, ನಲವತ್ತೊಂದು, ಐವತ್ತಾರು, ಅರವತ್ತೆರಡು, ಎಪ್ಪತ್ತೆಂಟು ಅಂತ ಇತ್ತು. “ಮನಸಿಗೆ ಬಂದ ಅಂಕಿ ಹಾಕ್ರಿ, ನಡೀತೈತಿ” ಅಂತ ಸರ್ ಹೇಳಿದ್ದನ್ನು ಆಕೆ ಸ್ಟೂಲಿನ ಮೇಲಿಂದ ಕೇಳಿದ್ದಳು. ಮೂವತ್ತನ್ನು ಬಿಟ್ಟು ಅಲ್ಲಿ ತನ್ನ ಒಂಬತ್ತನ್ನು ಕೂರಿಸಿದಳು. ಹುಡುಕಬೇಕಾದ ಅಂಕಿ: ಒಂಬತ್ತು. ಉತ್ತರ: ಮೂರನೇ ಜಾಗದಲ್ಲಿ ಸಿಕ್ಕಿತು. ಹನ್ನೆರಡು ವರ್ಷ ಎಲ್ಲರ ವಹಿಯಲ್ಲಿ ಆ ಒಂಬತ್ತು ಮೂರನೇ ಜಾಗದಲ್ಲಿ ಸಿಗುತ್ತಲೇ ಇತ್ತು. ಯಾರದಾದರೂ ಜರ್ನಲ್ ಕೈಗೆ ಬಂದರೆ ಆಕೆ ಮೊದಲು ಆ ಪುಟ ತೆಗೆದು ನೋಡಿ ಮುಚ್ಚುವಳು.

ಹೋದ ವರ್ಷ ಮನೋಳಿಯಿಂದ ಶೀತಲ ಅನ್ನುವ ಹುಡುಗಿ ಬಂದಳು. ಸಣ್ಣ ದೇಹ, ಎಣ್ಣೆ ಹಚ್ಚಿ ಬಿಗಿದ ಒಂದೇ ಜಡೆ. ಮೊದಲ ದಿನ ಎಲ್ಲರೂ ಹೆಸರು ಹೇಳಿ ಹೋದರು, ಈಕೆ ಹೇಳಲಿಲ್ಲ. ಮರೆತಿರಬೇಕೆಂದು ಭಾಗೀರಥಿಯೇ ಕೇಳಿದಳು.

“ಏನವಾ ತಂಗಿ, ಜರ್ನಲ್ ಬ್ಯಾಡೇನು ನಿನಗ?”

“ಬ್ಯಾಡ್ರಿ ಅಕ್ಕಾರ. ನಾ ಹಾಕಿ ನೋಡೇ ಬರಕೋತೇನಿ.”

ಸೊಕ್ಕಿನ ಮಾತಲ್ಲ, ಹುಡುಗಿ ನಗುತ್ತಲೇ ಅಂದಿದ್ದಳು. ಆದರೂ ಆ ದಿನ ಭಾಗೀರಥಿಗೆ ಮಧ್ಯಾಹ್ನದ ಬುತ್ತಿ ಸಪ್ಪಗಾಯಿತು. ಹಾಕಿ ನೋಡುತ್ತಾಳಂತೆ. ನೋಡಲಿ. ಚುಕ್ಕಿ ಮರೆತು ನಾಲ್ಕು ಸಲ ಬೈಸಿಕೊಂಡು ಸ್ಟೂಲಿನ ಕಡೆ ತಾನಾಗಿ ಬರುತ್ತಾಳೆ ಅಂದುಕೊಂಡಳು.

ಬರಲಿಲ್ಲ. ಬೈಸಿಕೊಂಡಳು, ತಿದ್ದಿದಳು, ಮತ್ತೆ ಬೈಸಿಕೊಂಡಳು, ಮತ್ತೆ ತಿದ್ದಿದಳು. ಸೆಮ್ಮು ತುಂಬುವುದರೊಳಗೆ ಹುಡುಗರೇ ಆಕೆಯ ಕುರ್ಚಿಯ ಹಿಂದೆ ಬಂದು ನಿಲ್ಲತೊಡಗಿದರು. ಗೌರೀಶ ಸರ್, ಡಾಟಾ ಸ್ಟ್ರಕ್ಚರ್ ಕಲಿಸುವವರು, “ಶೀತಲ, ಒಂದ್ಸಲ ಎಲ್ಲಾರಿಗೂ ತೋರಸವಾ” ಅನ್ನುವರು. ಆಕೆ ತೋರಿಸುವಳು. ಭಾಗೀರಥಿ ಸ್ಟೂಲಿನ ಮೇಲೆ ಕೂತು ಆ ಹುಡುಗಿಯ ಬೆರಳು ನೋಡುವಳು. ಕೀಬೋರ್ಡಿನ ಕೀಲಿ ನೋಡದೆ ಒತ್ತುವ ಬೆರಳು. ಹನ್ನೆರಡು ವರ್ಷ ದಿನಾಲೂ ಆ ಕೀಲಿಗಳ ಧೂಳು ಒರೆಸಿದ ತನ್ನ ಬೆರಳಿಗೆ ಒತ್ತುವುದು ಗೊತ್ತಿರಲಿಲ್ಲ. ಹುಡುಗಿಯ ಜಡೆಯೂ ಸೇರದು, ನಗುವೂ ಸೇರದು, “ಅಕ್ಕಾರ” ಅನ್ನುವ ದನಿಯೂ ಸೇರದು. ಆ ವರ್ಷ ಸಂಕ್ರಾಂತಿಯ ಎಳ್ಳು ಬೆಲ್ಲ ಮೊದಲು ಶೀತಲಳ ಕೈಗೆ ಹೋಯಿತು. ಆಕೆಯೇ ಎದ್ದು ಬಂದು ಅದರಲ್ಲಿ ಅರ್ಧ ಭಾಗೀರಥಿಗೆ ಕೊಟ್ಟಳು. ಭಾಗೀರಥಿ ತಿನ್ನಲಿಲ್ಲ, ಹೊಟ್ಟೆ ಕೆಟ್ಟಿದೆ ಅಂದಳು. ಸುಳ್ಳೇನೂ ಅಲ್ಲ.

ಪ್ರಾಕ್ಟಿಕಲ್ ಪರೀಕ್ಷೆಗೆ ಹದಿನೈದು ದಿನವಿದ್ದಾಗ ಶೀತಲ, ಯಾರೂ ಇಲ್ಲದ ಹೊತ್ತು ನೋಡಿ, ಸ್ಟೂಲಿನ ಹತ್ತಿರ ಬಂದಳು.

“ಅಕ್ಕಾರ, ಒಂದ ಮಾತು. ನಿಮ್ಮ ಜರ್ನಲ್ನಾಗ ಏಳನೇದು ತಪ್ಪೈತ್ರಿ. ಆ ಅಂಕಿ ಹಾಕಿದರ ಮಶೀನು ಒಂಬತ್ತು ಸಿಗಲಿಲ್ಲ ಅಂತೈತಿ.”

“ಏನಂದಿ? ಹನ್ನೆರಡು ವರ್ಷ ಆತು ತಂಗಿ. ಒಬ್ಬರೂ ತಪ್ಪೈತಿ ಅಂದಿಲ್ಲ.”

“ಹನ್ನೆರಡು ವರ್ಷ ಒಬ್ಬರೂ ಹಾಕಿ ನೋಡಿಲ್ರಿ.”

“ಕಣ್ಣಿಗೆ ಕಾಣೂದಿಲ್ಲೇನು ಮತ್ತ? ಹದಿನಾಲ್ಕು, ಇಪ್ಪತ್ಮೂರು, ಒಂಬತ್ತು! ಮೂರನೇ ಜಾಗಾದಾಗ ಕುಂತೈತಿ. ನಮ್ಮ ಅತ್ತಿಗೆ ಓದಾಕ ಬರೂದಿಲ್ಲ, ಅಕಿಗೆ ತೋರಿಸಿದರೂ ಬೆರಳ ಇಟ್ಟು ಹೇಳತಾಳ.”

“ಮಶೀನಿಗೆ ಎಲ್ಲಾ ಒಮ್ಮೆಲೆ ಕಾಣೂದಿಲ್ರಿ. ಅದು…”

“ಹೋಗ್ ಹೋಗ್, ಬಸ್ಸು ತಪ್ಪತೈತಿ ನಿಂದು.”

ಹುಡುಗಿ ಮತ್ತೆ ಆ ಮಾತು ತೆಗೆಯಲಿಲ್ಲ. ಯಾರ ಮುಂದೆಯೂ ಆಡಲಿಲ್ಲ. ನಾಲ್ಕು ಜನರ ನಡುವೆ ಎತ್ತಿ ಆಡಿದ್ದರೆ ಭಾಗೀರಥಿ ಜಗಳವಾಡಿ ಹಗುರಾಗುತ್ತಿದ್ದಳು. ಹೀಗೆ ಮೆಲ್ಲಗೆ ಹೇಳಿಹೋದದ್ದು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಪರೀಕ್ಷೆಯ ಮುನ್ನಾ ದಿನ ಕ್ಲಾಸಿನ ಮೂವತ್ತೆರಡೂ ಜರ್ನಲ್ ಸಹಿಯಾಗಿ ಆಕೆಯ ಕೈಗೆ ಬಂದವು. ರೋಲ್ ನಂಬರಿನ ಪ್ರಕಾರ ಒಂದರ ಕೆಳಗೊಂದು ಒಟ್ಟಿ ಇಡುವುದು ಆಕೆಯ ಕೆಲಸ. ಮೇಲೆ ಒಂದು, ತಳಕ್ಕೆ ಮೂವತ್ತೆರಡು. ಜರ್ನಲ್ ಮುಂದೆ ಇಡದೆ ಪರೀಕ್ಷೆಯ ಬಾಯಿ ಮಾತಿನ ಪ್ರಶ್ನೆಗಳಿಗೆ, ಅಂದರೆ ವೈವಾಕ್ಕೆ, ಕೂರಿಸುವುದಿಲ್ಲ. ಶೀತಲಳದು ಇಪ್ಪತ್ತೇಳು. ಮರುದಿನ ಮುಂಜಾನೆ ಲ್ಯಾಬಿನಲ್ಲಿ ಭಾಗೀರಥಿಯೊಬ್ಬಳೇ ಇದ್ದಾಗ ಆ ಒಟ್ಟಿಲನ್ನು ಮೇಜಿನ ಮೇಲೆ ತಂದಿಟ್ಟಳು. ಇಪ್ಪತ್ತೇಳನ್ನು ತಳದಿಂದ ಎಳೆದು ಐದರ ಕೆಳಗೆ, ಆರರ ಮೇಲೆ ತುರುಕಿದಳು. ಹರಿಯಲಿಲ್ಲ, ಒಗೆಯಲಿಲ್ಲ, ಮನೆಗೆ ಒಯ್ಯಲಿಲ್ಲ. ಒಂದು ತಾಸು ಬೆವರಲಿ ಅಂದುಕೊಂಡಳು. ಸರ್ ಹುಡುಕಿ ಸಾಕಾಗಿ “ಭಾಗಕ್ಕಾ” ಅಂತ ಕರೆಯಲಿ, ಆಗ ತಾನು ತೆಗೆದುಕೊಟ್ಟರೆ ಆ ಹುಡುಗಿ ಒಮ್ಮೆಯಾದರೂ ತನ್ನ ಕೈ ನೋಡಬೇಕಾಗುತ್ತದೆ.

ಹೊರಗಿನಿಂದ ಪರೀಕ್ಷೆ ಮಾಡಲು ಬಂದ ಮೇಡಂ ಬಿಳಿಕೂದಲಿನವರು, ಚಹಾ ಬೇಡ ಅಂದವರು, ಅದಕ್ಕೇ ಎಲ್ಲರಿಗೂ ಅಂಜಿಕೆ. ಹುಡುಗರು ಪ್ರಶ್ನೆಯ ಚೀಟಿ ಎತ್ತಿದರು, ಪ್ರೋಗ್ರಾಮು ಬರೆದರು. ಯಾರದು ಮೊದಲು ಮುಗಿಯುತ್ತದೋ ಅವರು ಎದ್ದು ಬರುವುದು. ಅರ್ಧ ತಾಸಿಗೆ ಎದ್ದವಳು ಶೀತಲ.

“ಇಪ್ಪತ್ತೇಳು” ಅಂದರು ಮೇಡಂ.

ಗೌರೀಶ ಸರ್ ಒಟ್ಟಿಲಿನ ನಡುವೆ ಕೈ ಹಾಕಿ ಎತ್ತಿ ನೋಡಿದರು. ಹದಿನಾರು. ಮೇಲಿನದನ್ನು ಹಾಗೇ ಬಿಟ್ಟು ಕೆಳಗಿನ ಅರ್ಧದಲ್ಲಿ ನಡುವೆ ಎತ್ತಿದರು. ಇಪ್ಪತ್ಮೂರು. ಇನ್ನೂ ಕೆಳಗೆ, ಇಪ್ಪತ್ತೆಂಟು. ಸ್ವಲ್ಪ ಮೇಲೆ, ಇಪ್ಪತ್ತಾರು. ಇಪ್ಪತ್ತಾರರ ಕೆಳಗೆ ಇಪ್ಪತ್ತೆಂಟು.

“ಇಲ್ಲಲ್ಲ! ಕೊಟ್ಟೀಯಿಲ್ಲ ನೀನು?”

“ಕೊಟ್ಟೇನ್ರಿ ಸರ್. ಭಾಗಕ್ಕಾರ ಕೈಯಾಗ.”

“ಭಾಗಕ್ಕಾ, ಕಪಾಟಿನಾಗ ಉಳದೈತೇನು ನೋಡ್ರಿ.”

ಕರೆ ಬಂದಿತ್ತು. ಆಕೆ ಕಾದದ್ದೇ ಆ ಕರೆಗೆ. ಆದರೆ ನಾಲಿಗೆ ಬೇರೆಯದೇ ಹೇಳಿತು. ಖಾಲಿ ಕಪಾಟನ್ನು ತೆರೆದು, ಒಳಗೆ ಇಣುಕಿ, “ಇಲ್ಲರಿ ಸರ್” ಅಂದಳು.

“ಜರ್ನಲ್ ಇಲ್ಲಂದ್ರ ವೈವಾ ಇಲ್ಲವಾ. ಆ ಕಡೆ ನಿಂದ್ರು” ಅಂದರು ಮೇಡಂ. ಶೀತಲ ಗೋಡೆಗೆ ಹೋಗಿ ನಿಂತಳು. ಮುಖ ಸುಣ್ಣದ ಹಾಗಾಗಿತ್ತು. ಭಾಗೀರಥಿ ನೋಡಿದಳು. ನೋಡಬೇಕೆಂದದ್ದು ಇದೇ. ನೋಡಿಯಾದ ಮೇಲೆ ಸಮಾಧಾನ ಬರಬೇಕಿತ್ತು, ಬರಲಿಲ್ಲ.

ಎರಡನೇ ನಂಬರಿನ ಅಜಿತ ಬಂದ, ಯರಗಟ್ಟಿಯವನೇ, ಬಾಯಿ ಜೋರು. ಆಮೇಲೆ ಹನ್ನೊಂದು, ಆಮೇಲೆ ಹತ್ತೊಂಬತ್ತು. ಮೇಡಂ ಮೂರೂ ಜರ್ನಲ್ ಏಳನೇ ಪ್ರೋಗ್ರಾಮಿಗೆ ತೆರೆದು ಸಾಲಾಗಿ ಇಟ್ಟರು. ಕನ್ನಡಕ ಸರಿಮಾಡಿಕೊಂಡರು.

“ಅಜಿತ, ಈ ಉತ್ತರ ಮಶೀನು ಕೊಟ್ಟದ್ದೇನಪಾ?”

“ಹೌದ್ರಿ ಮೇಡಂ.”

“ಭಾಳ ಚೊಲೋ. ಇದರಾಗಿನ ಅಂಕಿ ಈಗ ಹಾಕು, ನೋಡೂಣು.”

ಹಾಕಿದ. ಒಂಬತ್ತು ಹುಡುಕು ಅಂದ. ಸಿಗಲಿಲ್ಲ ಅಂತ ಪರದೆಯ ಮೇಲೆ ಬಂತು. ಮಶೀನು ಕೆಟ್ಟಿದೆ ಅಂದ ಅಜಿತ. ಪಕ್ಕದ ಮಶೀನಿಗೂ ಹಾಕಿಸಿದರು. ಅಲ್ಲಿಯೂ ಅದೇ.

“ಮಶೀನು ಕೆಟ್ಟಿಲ್ಲಪಾ” ಅಂದರು ಮೇಡಂ. “ಬೈನರಿ ಸರ್ಚ್ ಎಲ್ಲಾ ಅಂಕಿ ನೋಡೂದಿಲ್ಲ. ನಡುವಿಂದು ತಗದು ನೋಡತದ, ನಲವತ್ತೊಂದು. ಒಂಬತ್ತು ಸಣ್ಣದು, ಅಂದ್ರ ಎಡಕ್ಕ ಹೋಗತದ. ಅಲ್ಲಿ ನಡುವ ಇಪ್ಪತ್ಮೂರು. ಒಂಬತ್ತು ಅದಕ್ಕೂ ಸಣ್ಣದು, ಮತ್ತ ಎಡಕ್ಕ. ಅಲ್ಲಿ ಹದಿನಾಲ್ಕಷ್ಟ ಐತಿ. ಮುಗೀತು, ಸಿಗಲಿಲ್ಲ. ಬಿಟ್ಟುಬಂದ ಕಡೆ ಅದು ಹೊಳ್ಳಿ ಸುದ್ದಾ ನೋಡೂದಿಲ್ಲ. ಸಾಲು ಸಣ್ಣದರಿಂದ ದೊಡ್ಡದಕ್ಕ ನೆಟ್ಟಗ ಇದ್ದರಷ್ಟ ಇದು ನಡೀತದ. ತನ್ನ ಜಾಗಾ ಬಿಟ್ಟು ಕುಂತದ್ದು, ಎದುರಿಗೆ ಇದ್ದರೂ ಸಿಗೂದಿಲ್ಲ.”

ಭಾಗೀರಥಿ ಮೇಜಿನ ಮೇಲಿನ ಒಟ್ಟಿಲು ನೋಡಿದಳು. ಸರ್ ಕೈ ಹಾಕಿದ್ದು ನಡುವೆ. ಮೇಲಿನ ಅರ್ಧದ ಕಡೆ ಹೊಳ್ಳಿ ಸುದ್ದಾ ನೋಡಿರಲಿಲ್ಲ. ದಿನಾಲೂ ಯಾರದಾದರೂ ಜರ್ನಲ್ ಬೇಕಾದರೆ ತಾನು ಹುಡುಕುತ್ತಿದ್ದುದೂ ಹಾಗೆಯೇ ಅಲ್ಲವೇ? “ಮನಸಿಗೆ ಬಂದ ಅಂಕಿ” ಅಂತ ಸರ್ ಹೇಳಿದ್ದು ಬೇರೆ ಯಾವುದೋ ಪ್ರೋಗ್ರಾಮಿಗಿರಬೇಕು. ಇದಕ್ಕೆ ಹೇಳಿದ ಮಾತಿನ ಹೊತ್ತಿಗೆ ಆಕೆ ಚಹಾ ತರಲು ಕೆಳಗೆ ಇಳಿದಿದ್ದಳೇನೋ. ಇಷ್ಟು ವರ್ಷ ಕೇಳಿ, ಒಂದು ಮಾತು ತಪ್ಪಿಹೋಗಿತ್ತು.

“ಈ ಒಂಬತ್ತು ಯಾರದು?” ಮೇಡಂ ಕೇಳಿದರು. “ಮೂರೂ ಜರ್ನಲ್ನಾಗ ಅದ. ಇಡೀ ಕ್ಲಾಸು ಯಾವುದರ ನಕಲು ಹೊಡದೀರಿ?”

ಅಜಿತನ ಕಣ್ಣು ಸ್ಟೂಲಿನ ತನಕ ಬಂದು ಹೊಳ್ಳಿತು. ಮೇಡಂ ಗೋಡೆಯ ಕಡೆ ತಿರುಗಿದರು.

“ನಿನಗ ಗೊತ್ತೈತೇನವಾ?”

“ಗೊತ್ತಿಲ್ರಿ ಮೇಡಂ” ಅಂದಳು ಶೀತಲ.

ಆ ಮಾತಿಗೆ ಭಾಗೀರಥಿಯ ಮೈಯೆಲ್ಲ ಉರಿಯಿತು. ಬುದ್ಧಿ ಆಕೆಯದು, ಬೆರಳು ಆಕೆಯವು, ಕುರ್ಚಿ ಆಕೆಯದು. ಒಳ್ಳೆಯತನವೂ ಆಕೆಯದೇ ಆಗಬೇಕೇ? ಆ ಋಣ ಹೊತ್ತುಕೊಂಡು ಈ ಸ್ಟೂಲಿನ ಮೇಲೆ ಇನ್ನೆಷ್ಟು ವರ್ಷ ಕೂಡುವುದು? ಎದ್ದು ಮೇಜಿನ ಹತ್ತಿರ ಹೋದಳು. ಐದನೆಯದನ್ನು ಎತ್ತಿ, ಅದರ ಕೆಳಗಿನ ಜರ್ನಲ್ ಎಳೆದು ಮೇಡಂ ಮುಂದೆ ಇಟ್ಟಳು.

“ಇಪ್ಪತ್ತೇಳು ಇಲ್ಲೈತ್ರಿ.”

“ಕೈತಪ್ಪಿ ಹೋಗಿರಬೇಕು ಬಿಡ್ರಿ ಭಾಗಕ್ಕಾ” ಅಂದರು ಗೌರೀಶ ಸರ್, ಗಡಿಬಿಡಿಯಿಂದ.

“ಕೈತಪ್ಪಿ ಅಲ್ರಿ ಸರ್. ಇಟ್ಟೇನಿ. ಮತ್ತ ಆ ಒಂಬತ್ತೂ ನಂದ.”

ಮೇಡಂ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. “ನೀವು ಪ್ರೋಗ್ರಾಮ್ ಬರೀತೀರೇನು?”

“ನೋಡಿ ಬರಕೊಂಡೇನ್ರಿ. ಹಾಕಿ ನೋಡಿಲ್ಲ.”

“ಯಾಕ ನೋಡಿಲ್ಲ?”

“ಮಶೀನಿನ ಮುಂದ ಕುಂಡ್ರು ಅಂತ ನನಗ ಯಾರು ಅಂದಾರ್ರಿ?”

ಗೌರೀಶ ಸರ್ ಹಾಜರಿ ಪಟ್ಟಿ ನೋಡತೊಡಗಿದರು. ಮೇಡಂ ಇಪ್ಪತ್ತೇಳರ ಜರ್ನಲ್ ತೆರೆದರು. ಏಳನೇ ಪ್ರೋಗ್ರಾಮಿನ ಬಿಳಿ ಪುಟದಲ್ಲಿ ಶೀತಲ ಎರಡು ಉತ್ತರ ಬರೆದಿದ್ದಳು. ಸಾಲು ನೆಟ್ಟಗಿದ್ದಾಗ ಸಿಕ್ಕದ್ದು ಒಂದು, ನಡುವೆ ಒಂಬತ್ತು ಬಂದಾಗ ಸಿಗದ್ದು ಒಂದು. ಮೇಡಂ ಆ ಪುಟವನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಭಾಗೀರಥಿಯೂ ನೋಡಿದಳು. ಅಕ್ಷರ ತನ್ನದರಷ್ಟು ಚಂದವಿರಲಿಲ್ಲ. ಅಷ್ಟೇ ಆಕೆಗೆ ಉಳಿದದ್ದು.

ಶೀತಲಳ ವೈವಾ ಆಯಿತು. ಉಳಿದ ಮೂವತ್ತೊಂದು ಮಂದಿಗೆ ಜರ್ನಲ್ಲಿನ ಎರಡೆರಡು ಮಾರ್ಕು ಹೋದವು. ಹೊರಗೆ ಚಪ್ಪಲಿ ಹುಡುಕುತ್ತ ಅಜಿತ ಅಂದ, “ಭಾಗಕ್ಕಾರ, ನಿಮ್ಮ ಒಂಬತ್ತು ನಮ್ಮ ಎರಡು ಮಾರ್ಕ್ಸ್ ತಿಂತಲ್ರಿ!”

“ನಕಲು ಹೊಡೀ ಅಂತ ನಿನ್ನ ಕೈ ಹಿಡದು ಬರಸೇನೇನೋ?” ಅಂದಳು. ದನಿಯಲ್ಲಿ ಕಸುವಿರಲಿಲ್ಲ.

ಎಲ್ಲರೂ ಹೋದ ಮೇಲೆ ಶೀತಲ ಮೆಟ್ಟಿಲ ಮೇಲೆ ನಿಂತಿದ್ದಳು.

“ಯಾಕ್ರಿ ಅಕ್ಕಾರ? ನಾ ಏನ ಮಾಡಿದ್ದೆ ನಿಮಗ?”

“ಏನೂ ಮಾಡಿಲ್ಲವಾ. ಹೊಟ್ಟಿಕಿಚ್ಚು.”

“ಈಗ ಹೋತೇನ್ರಿ ಅದು?”

“ಎಲ್ಲಿದು. ನಿನ್ನ ನೋಡಿದರ ಈಗೂ ಉರೀತೈತಿ.”

ಹುಡುಗಿ ನಗಲಿಲ್ಲ. “ನನಗೂ ಸಿಟ್ಟು ಬಂದೈತ್ರಿ. ಲಗೂ ಹೋಗೂದಲ್ಲ” ಅಂದಳು, ದುಪಟ್ಟಾ ಹೆಗಲಿಗೆ ಸರಿಸಿಕೊಂಡು ಮನೋಳಿಯ ಬಸ್ಸಿನ ಕಡೆ ನಡೆದಳು. ಭಾಗೀರಥಿಗೆ ಆ ಮಾತು ಹಿಡಿಸಿತು. ಆ ಹುಡುಗಿಯದು ಏನಾದರೂ ಹಿಡಿಸಿದ್ದು ಅದೇ ಮೊದಲು.

ಗೇಟಿನ ಹತ್ತಿರ, ಒಂದು ವಿಷಯ ಪಾಸಾಗದೆ ಉಳಿಸಿಕೊಂಡ ಹಳೆಯ ಹುಡುಗಿ ಅನ್ನಪೂರ್ಣಾ ಎದುರಾದಳು.

“ಅಕ್ಕಾರ, ಬರೂ ವರ್ಷ ನಮ್ಮ ತಂಗಿ ಸೇರತಾಳ್ರಿ. ನಿಮ್ಮ ಜರ್ನಲ್ ಅಕಿಗೇ ಇಟ್ಟಿರ್ರಿ ಮತ್ತ.”

“ನಂದು ಬ್ಯಾಡ. ಮನೋಳಿ ಶೀತಲನ ಕೇಳು” ಅಂದಳು ಭಾಗೀರಥಿ. ಮುಂದೆ ಬದನೆಕಾಯಿ ಯಾರ ಮನೆಗೆ ಹೋಗುತ್ತವೆಂಬುದು ಆಕೆಗೆ ಗೊತ್ತಿತ್ತು.

ಮನೆಯಲ್ಲಿ ಮುದಕವ್ವ ಪಡಸಾಲೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

“ಇಷ್ಟೊತ್ತು ಎಲ್ಲಿ ಇದ್ದೆ? ಗಿರಣಿಯವ ಬಾಗಲಾ ಹಾಕಿದರ ನಾಳೆ ಏನ ತಿನ್ನೂದು?”

“ಪರೀಕ್ಷಾ ಇತ್ತು, ಅತ್ತಿ.”

“ಯಾರದು?”

“ಹುಡುಗರದು” ಅಂದು ಭಾಗೀರಥಿ ಚೀಲ ಮೂಲೆಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೋಳದ ಡಬ್ಬಿ ಎಳೆದು, ಎರಡು ಸೇರು ಮೊರಕ್ಕೆ ಸುರುವಿದಳು. ಒಂದೆರಡು ಸಲ ಕೇರಿದಳು, ಹೊಟ್ಟು ಹಾರಿತು. ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆಳಕಿನ ಕಡೆ ಸರಿದು, ಕಾಳನ್ನು ಬೆರಳಿನಿಂದ ಸರಿಸುತ್ತ ಹರಳು ಆರಿಸತೊಡಗಿದಳು.